ನಿಂತು ಮಡಚುವವರು

ಒಂದು ದೊಡ್ಡ ಲಾಂಡ್ರಿಯ ಮಡಿಕೆ ಶೆಡ್ಡಿನಲ್ಲಿ, ಹಾಡಹಗಲಲ್ಲಿ, ಕೆಲಸದ ಹೊತ್ತಿನಲ್ಲಿ, ಎಲ್ಲರ ಕಣ್ಣೆದುರಿಗೇ ಒಬ್ಬ ಹೆಂಗಸು ಕುಳಿತುಬಿಟ್ಟಳು. ಓದುವವರು ಈ ಸಂಗತಿಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ರಾಜ್ಯಗಳು ಉರುಳಿದ್ದು, ಸಮುದ್ರ ಉಕ್ಕಿದ್ದು, ಸೂರ್ಯನಿಗೆ ಗ್ರಹಣ ಹಿಡಿದದ್ದು ಎಲ್ಲವನ್ನೂ ಯಾರಾದರೂ ಬರೆದಿಟ್ಟಿದ್ದಾರೆ. ಇದನ್ನು ಯಾರೂ ಬರೆದಿಟ್ಟಿಲ್ಲ. ಅವಳು ಕುಳಿತದ್ದು ಸಿಂಹಾಸನದ ಮೇಲೇನಲ್ಲ, ಬೋರಲು ಹಾಕಿದ ಒಂದು ಪ್ಲಾಸ್ಟಿಕ್ ಬಕೆಟ್ಟಿನ ಮೇಲೆ. ಆದರೂ ಮೇಸ್ತ್ರಿಯ ಮುಖ ನೋಡಿದವರಿಗೆ ಯಾರೋ ಅವನನ್ನು ಕೇಳದೆ ಪಟ್ಟಕ್ಕೇರಿದ್ದಾರೆ ಎಂದೇ ಅನ್ನಿಸಬೇಕು.

“ಯಾವಳೇ ಅದು? ನಿಮ್ಮಪ್ಪನ ಎರಡನೇ ಮದುವೆಗೆ ಬಂದಿದ್ದೀಯಾ, ಕೂತ್ಕೊಂಡು ನೋಡೋಕೆ?”

ಕುಳಿತವಳು ನಾವೆಲ್ಲ ಹಿರಿಯವಳು ಅನ್ನುವವಳು. ಅವಳು ಏಳಲಿಲ್ಲ. ಏಳಬಾರದೆಂಬ ಹಟವಲ್ಲ, ಏಳುವುದೇ ಅವಳಿಗೊಂದು ಕೆಲಸ. ಮೊದಲು ಎರಡೂ ಅಂಗೈಗಳನ್ನು ಮೇಜಿನ ಅಂಚಿಗೆ ಊರಬೇಕು. ಆಮೇಲೆ ಸೊಂಟ ಎತ್ತಬೇಕು, ಆಮೇಲೆ ಮಂಡಿ, ಕಡೆಗೆ ಪಾದಗಳನ್ನು ಒಪ್ಪಿಸಬೇಕು. ಪಾದಗಳು ಒಪ್ಪುವ ಮೊದಲೇ ಮೇಸ್ತ್ರಿ ಬಕೆಟ್ಟಿಗೆ ಒದ್ದ. ಅದು ಡಬಡಬ ಉರುಳಿಕೊಂಡು ಬಾಗಿಲ ಕಡೆ ಹೋಯಿತು. ಹಿರಿಯವಳು ನೆಲಕ್ಕೆ ಬಿದ್ದಳು. ಬೀಳುವಾಗಲೂ ಅವಳ ಕೈಯಲ್ಲಿದ್ದ ಬೆಡ್‌ಶೀಟು ಮಾತ್ರ ಮೇಲೇ ಇತ್ತು. ನೀರಲ್ಲಿ ಮುಳುಗುವವರು ಮಗುವನ್ನು ಎತ್ತಿ ಹಿಡಿದಂತೆ ಅದನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು. ನಮಗೆಲ್ಲ ಅದು ಕೈಗೇ ಹತ್ತಿದ ಅಭ್ಯಾಸ. ನೆಲಕ್ಕೆ ತಾಗಿದ ಶೀಟು ಮತ್ತೆ ಒಗೆಯಲು ಹೋಗುತ್ತದೆ, ತಾಗಿಸಿದವಳು ಸಂಜೆ ಉಳಿದುಕೊಂಡು ಅದನ್ನು ಒಣಗಿಸಿ ಮಡಚಿ ಹೋಗಬೇಕು.

“ಶೀಟು ತಾಗಿದ್ರೆ ಚರ್ಮ ಸುಲೀತಿದ್ದೆ, ಮುಂಡೇದೇ” ಎಂದ ಮೇಸ್ತ್ರಿ.

“ತಾಗಿಲ್ಲ ಬಿಡಿ” ಎಂದಳು ಹಿರಿಯವಳು, ನೆಲದ ಮೇಲಿನಿಂದ.

ಮೂಲೆಯಲ್ಲಿ ದಿಂಬಿನ ಚೀಲಗಳಿಗೆ ಗುಂಡಿ ಹಾಕುವ ಮುದುಕಿಯೊಬ್ಬಳಿದ್ದಾಳೆ. ನಾವು ಅವಳನ್ನು ಗುಂಡಿ ಅಜ್ಜಿ ಅನ್ನುತ್ತೇವೆ. ಸೂಜಿಯ ಕೆಲಸವಾದ್ದರಿಂದ ಇಡೀ ಶೆಡ್ಡಿನಲ್ಲಿ ಕೂರಲು ಅಪ್ಪಣೆ ಇರುವುದು ಅವಳೊಬ್ಬಳಿಗೆ. ಆ ಬಲದಿಂದ ಬಾಯಿಗೂ ಅಪ್ಪಣೆ ತೆಗೆದುಕೊಂಡಿದ್ದಾಳೆ. ದಾರ ಕಚ್ಚುತ್ತಾ ಹೇಳಿದಳು: “ಬಿದ್ದಿದ್ದು ಹೆಂಗಸು ತಾನೇ, ಶೀಟೇನಲ್ವಲ್ಲ. ಮತ್ತೆ ಒಗೆಯೋ ಖರ್ಚಿಲ್ಲ. ಸಮಾಧಾನ ಮಾಡ್ಕೊಳಪ್ಪ.”

ನಾವು ನಗಲಿಲ್ಲ. ಶೀಟಿನ ಅಂಚನ್ನು ಬಾಯಿಗೆ ಒತ್ತಿಕೊಂಡೆವು.

ಶೆಡ್ಡು ಎಂದರೆ ತಗಡಿನ ಮಾಡು, ಸಿಮೆಂಟಿನ ನೆಲ, ಉದ್ದುದ್ದ ಮೇಜುಗಳು. ಒಂದು ಗೋಡೆಯಾಚೆ ಬಾಯ್ಲರು, ಇನ್ನೊಂದು ಗೋಡೆಯಾಚೆ ಒಗೆಯುವ ಮನೆ. ಒಂದು ಕಡೆಯಿಂದ ಬಿಸಿ, ಇನ್ನೊಂದು ಕಡೆಯಿಂದ ತೇವ, ನಡುವೆ ನಾವು. ಆಸ್ಪತ್ರೆಗಳ ಶೀಟು, ಲಾಡ್ಜುಗಳ ಶೀಟು, ಕೆಲವೊಮ್ಮೆ ದೊಡ್ಡ ಮನೆಗಳ ಪರದೆ. ಒಬ್ಬಳೇ ಮಡಚುವ ಅಳತೆ ಯಾವುದಕ್ಕೂ ಇಲ್ಲ. ಇಬ್ಬರು ಎದುರುಬದುರು ನಿಂತು ಶೀಟನ್ನು ಬಿಗಿಯಾಗಿ ಎಳೆದು ಹಿಡಿಯಬೇಕು, ಒಮ್ಮೆ ಜಾಡಿಸಬೇಕು, ಅಂಚಿಗೆ ಅಂಚು ಸೇರಿಸಬೇಕು. ಆಮೇಲೆ ಇಬ್ಬರೂ ನಡೆದು ಬಂದು ನಡುವೆ ಸೇರಿ, ಒಬ್ಬಳು ತನ್ನ ಕೈಯದನ್ನು ಇನ್ನೊಬ್ಬಳ ಕೈಗೆ ಕೊಟ್ಟು, ಮಡಿಕೆ ಹಿಡಿದು ಹಿಂದಕ್ಕೆ ನಡೆಯಬೇಕು. ಮತ್ತೆ ಸೇರು, ಮತ್ತೆ ಹಿಂದಕ್ಕೆ. ದೂರದಿಂದ ನೋಡಿದವರಿಗೆ ಕುಣಿತದಂತೆ ಕಾಣುತ್ತದೆ. ಒಮ್ಮೆ ಆಸ್ಪತ್ರೆಯ ಕಡೆಯ ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ನಿಂತು “ಎಷ್ಟು ಚೆನ್ನಾಗಿದೆ ನೋಡೋಕೆ” ಎಂದು ಹೋದಳು. ನೋಡೋಕೆ ಚೆನ್ನಾಗಿರುವುದನ್ನು ಬೆಳಗಿಂದ ಸಂಜೆವರೆಗೆ ಮಾಡಿದರೆ ಕಾಲು ಏನಾಗುತ್ತದೆ ಎಂಬುದು ಕಾಲಿಗೇ ಗೊತ್ತು.

ಹಿರಿಯವಳ ಕಾಲಿಗೆ ಗೊತ್ತಾಗಿತ್ತು. ಅವಳ ಕಣಕಾಲು ಎಂಬುದೊಂದು ಇತ್ತು ಎಂದು ನಂಬಿಕೆಯ ಮೇಲೆ ಹೇಳಬೇಕು. ಮೀನಖಂಡ ನೇರವಾಗಿ ಇಳಿದು ಪಾದಕ್ಕೆ ಸೇರುತ್ತಿತ್ತು, ನಡುವೆ ತಿರುವಿಲ್ಲ. ಬೆರಳುಗಳ ಗಿಣ್ಣುಗಳು ಕೆಂಪಗೆ ಊದಿ ಒಂದರ ಮೇಲೊಂದು ಹತ್ತಿದ್ದವು. ಚಪ್ಪಲಿಯ ಪಟ್ಟಿ ಸಾಲದೆ ಹರಿದ ದಿಂಬಿನ ಚೀಲ ಸೀಳಿ ಕಟ್ಟಿಕೊಂಡಿದ್ದಳು.

ಅವಳ ಜೋಡಿಯಾಗಿ ಎದುರಿಗೆ ನಿಲ್ಲುತ್ತಿದ್ದವಳು ಅವಳ ವಾರಗಿತ್ತಿ, ಗಂಡನ ತಮ್ಮನ ಹೆಂಡತಿ. ಶೆಡ್ಡಿನಲ್ಲಿ ಎಲ್ಲರೂ ಒಬ್ಬಳನ್ನು ಹಿರಿಯವಳು, ಇನ್ನೊಬ್ಬಳನ್ನು ಕಿರಿಯವಳು ಎಂದೇ ಕರೆಯುತ್ತಿದ್ದರು. ಇಬ್ಬರಿಗೂ ಮಾತು ನಿಂತು ಬಹಳ ಕಾಲವಾಗಿತ್ತು. ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡಾಗ ಪಾತ್ರೆಪಗಡ ಹಂಚುವ ಗಲಾಟೆಯಲ್ಲಿ ಕುಕ್ಕರು ಹಿರಿಯವಳ ಪಾಲಿಗೆ ಬಂತು, ಅದರ ಮುಚ್ಚಳ ಕಿರಿಯವಳ ಗೋಣಿಗೆ ಹೋಯಿತು. ಅವಳು ಕೇಳಲಿ ಎಂದು ಇವಳು, ಇವಳೇ ಕೊಡಲಿ ಎಂದು ಅವಳು. ಒಂದು ಮನೆಯಲ್ಲಿ ಮುಚ್ಚಳವಿಲ್ಲದ ಕುಕ್ಕರು, ಪಕ್ಕದ ಮನೆಯಲ್ಲಿ ಕುಕ್ಕರಿಲ್ಲದ ಮುಚ್ಚಳ. ಎರಡು ಮನೆಯಲ್ಲೂ ಬೇಳೆ ಬೇಯುವುದಕ್ಕೆ ನಡುರಾತ್ರಿಯಾಗುತ್ತಿತ್ತು.

ಮೇಸ್ತ್ರಿ ಬೇಕೆಂದೇ ಇಬ್ಬರನ್ನೂ ಜೋಡಿ ಹಾಕಿದ್ದ. ಮಾತಾಡದ ಹೆಂಗಸರು ಹೆಚ್ಚು ಮಡಚುತ್ತಾರೆ ಎಂಬುದು ಅವನ ಸಂಶೋಧನೆ. ಅದು ಸುಳ್ಳಾಗಲಿಲ್ಲ. ಒಂದೇ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯದೆ ಓಡಾಡಿದ ಕೈಗಳು ಅವು. “ಹಿಡಿ”, “ಎಳಿ” ಅನ್ನುವ ಎರಡು ಮಾತಿನಲ್ಲಿ ದಿನ ಕಳೆಯುತ್ತಿತ್ತು. ಕೆಲವು ದಿನ ಅವೂ ಬೇಕಾಗುತ್ತಿರಲಿಲ್ಲ.

ಬಕೆಟ್ಟಿನ ದಿನಕ್ಕಿಂತ ಬಹಳ ಮೊದಲೇ ನಮಗೊಂದು ವಿಷಯ ಗೊತ್ತಿತ್ತು, ಮೇಸ್ತ್ರಿಗೆ ಗೊತ್ತಿರಲಿಲ್ಲ. ಹಿರಿಯವಳು ನಡೆಯುತ್ತಿರಲಿಲ್ಲ. ಸೊಂಟವನ್ನು ಮೇಜಿಗೆ ಒರಗಿಸಿ ನಿಂತುಬಿಡುತ್ತಿದ್ದಳು. ಅವಳ ಪಾಲಿನ ನಡಿಗೆಯನ್ನೂ ಕಿರಿಯವಳೇ ನಡೆಯುತ್ತಿದ್ದಳು. ನಡುವೆ ನಿಲ್ಲದೆ ಕೊನೆಯವರೆಗೆ ಬರುವುದು, ಮಡಿಕೆ ಹಿಡಿದು ಮತ್ತೆ ಅಷ್ಟು ದೂರ ಹಿಂದಕ್ಕೆ ಹೋಗುವುದು. ಅವಳು ಎಷ್ಟು ಚುರುಕಾಗಿ ಹೀಗೆ ಮಾಡುತ್ತಿದ್ದಳೆಂದರೆ, ಆಚೆ ತುದಿಯಲ್ಲಿ ಟೀ ಹೀರುತ್ತಾ ಕೂತ ಮೇಸ್ತ್ರಿಗೆ ಶೀಟು ಚಿಕ್ಕದಾಗುವುದು ಕಾಣುತ್ತಿತ್ತು, ಯಾರ ಕಾಲಿನಿಂದ ಎಂಬುದು ಕಾಣುತ್ತಿರಲಿಲ್ಲ.

ಒಮ್ಮೆ ಹಿರಿಯವಳು ತಲೆ ತಗ್ಗಿಸಿ, ಶೀಟಿಗೆ ಹೇಳುವಂತೆ, “ಯಾಕೆ ಈ ಉಪಕಾರ?” ಎಂದಳು.

“ನಿನ್ನ ಮೇಲಿನ ಪ್ರೀತಿ ಅಂದ್ಕೋಬೇಡ” ಎಂದಳು ಕಿರಿಯವಳು. “ನೀನು ಬಿದ್ಹೋದ್ರೆ ಆ ತುಂತುರುನ ತಂದು ನನ್ನ ಜೋಡಿ ನಿಲ್ಲಿಸ್ತಾನೆ. ದಿನಾ ಮುಖ ತೊಳ್ಕೊಳಕ್ಕೆ ನಂಗಾಗಲ್ಲ.”

ತುಂತುರು ಎಂದರೆ ಪಕ್ಕದ ಮೇಜಿನವಳು. ಪಾಪ, ಮಾತಾಡುವಾಗ ಉಗುಳು ಸಿಡಿಯುತ್ತದೆ. ಅವಳಿಗೆ ಇದು ಕೇಳಿಸಿತು. “ನೀನೇನು ಪನ್ನೀರು ಚಿಮುಕಿಸ್ತೀಯೇನೇ, ಬೇವರ್ಸಿ?” ಎಂದಳು. ಮೇಜಿನ ಮೇಲಿನ ಶೀಟಿಗೆ ಸ್ವಲ್ಪ ಸಿಡಿಯಿತು.

ಹಿರಿಯವಳ ಬೆಳಗುಗಳನ್ನು ಕುರಿತು ನಮ್ಮ ಓಣಿಯವರೆಲ್ಲ ಸಾಕ್ಷಿ ಹೇಳಬಹುದು. ಆ ಮನೆಗಳ ಗೋಡೆಗಳಿಗೆ ಗುಟ್ಟು ನಿಲ್ಲುವುದಿಲ್ಲ. ಎದ್ದ ಕೂಡಲೇ ಅವಳು ಕಾಲನ್ನು ನೆಲಕ್ಕಿಡಲಾರಳು. ಮಂಚದ ಅಂಚಿನಲ್ಲಿ ಕೂತು ಒಂದು ಖಾಲಿ ಬಾಟಲಿಯನ್ನು ಪಾದದಡಿ ಉರುಳಿಸುತ್ತಾಳೆ, ಬೆರಳುಗಳನ್ನು ಒಂದೊಂದಾಗಿ ಬೈದು ಬೈದು ಎಬ್ಬಿಸುತ್ತಾಳೆ. “ಏಳೇ ಲೌಡಿ, ನಿಂಗೊಬ್ಬಳಿಗೆ ಬೇರೆ ಕರೀಬೇಕಾ?” ಎಂದು ಅವಳು ಕಿರುಬೆರಳಿಗೆ ಹೇಳುವುದನ್ನು ಕೇಳಿದ ಹೊಸಬರು, ಮನೆಯಲ್ಲಿ ಸೊಸೆ ಬಂದಿರಬೇಕು ಅಂದುಕೊಂಡಿದ್ದರು. ಆಮೇಲೆ ಬಿಸಿನೀರಿನ ಬೋಗುಣಿ, ಆಮೇಲೆ ಗೋಡೆ ಹಿಡಿದು ಬಚ್ಚಲು, ಗೋಡೆ ಹಿಡಿದು ಒಲೆ. ಲಾಂಡ್ರಿಯ ಗೇಟು ಮುಟ್ಟುವ ಹೊತ್ತಿಗೆ ಕಾಲು ಕೊಂಚ ಬಿಟ್ಟುಕೊಟ್ಟಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಮತ್ತೆ ವಾಪಸು ಕಿತ್ತುಕೊಳ್ಳುತ್ತದೆ.

ಮಲಗುವಾಗ ಅವಳು ಕಾಲಿಗೆ ಏನನ್ನೂ ಹೊದೆಯುವಂತಿಲ್ಲ. ತೆಳು ಬೆಡ್‌ಶೀಟು ಸೋಕಿದರೂ ಬೆರಳುಗಳು ಉರಿಯುತ್ತವೆ. ಊರವರ ಹೊದಿಕೆಗಳನ್ನೆಲ್ಲ ಮಡಚಿ ಕಳಿಸಿದವಳು ಚಳಿಯಲ್ಲಿ ಕಾಲು ಹೊರಗೆ ಚಾಚಿ ಮಲಗುತ್ತಾಳೆ. ಇದರಲ್ಲಿ ನಗುವಂಥದ್ದೇನಾದರೂ ಇದ್ದರೆ ಅವಳೇ ಮೊದಲು ನಕ್ಕಿದ್ದಾಳೆ.

ಸರ್ಕಾರಿ ಆಸ್ಪತ್ರೆಗೂ ಹೋಗಿ ಬಂದಳು. ಡಾಕ್ಟರು ಕಾಲನ್ನು ಒತ್ತಿ ನೋಡಿ, ಸಂಧಿವಾತ ಎಂದು, ಮಾತ್ರೆ ಬರೆದರು. ನಿಂತು ಮಾಡುವ ಕೆಲಸ ಬಿಟ್ಟು ಕೂತು ಮಾಡುವ ಕೆಲಸ ನೋಡಿಕೊಳ್ಳಿ ಎಂದರು.

“ಕೂತು ಮಾಡೋ ಕೆಲಸ ಅಂದ್ರೆ ಯಾವ್ದು ಡಾಕ್ಟ್ರೇ?”

ಡಾಕ್ಟರು ಯೋಚಿಸಿದರು. ಯೋಚಿಸಿ, “ಇದನ್ನ ಮಾತ್ರ ಕೇಳ್ಬೇಡಮ್ಮ” ಎಂದು ತಮ್ಮ ಕುರ್ಚಿಯ ಕೈ ತಟ್ಟಿದರು. ಒಳ್ಳೆಯ ಮನುಷ್ಯ.

ಅದಾದ ವಾರದಲ್ಲೇ ಬಕೆಟ್ಟು ಬೋರಲಾದದ್ದು. ಅಲ್ಲಿಂದ ಮೇಸ್ತ್ರಿಯ ಕಣ್ಣು ಅವಳ ಕಾಲಿನ ಮೇಲೆ ಬಿತ್ತು. ಟೀ ಲೋಟ ಹಿಡಿದು ಮೇಜಿನ ಹತ್ತಿರವೇ ಬಂದು ನಿಲ್ಲತೊಡಗಿದ. “ನಡಿ, ನಡಿ. ಮದುಮಗಳು ನೀನು, ಅವಳೇ ಬಂದು ಕರ್ಕೊಂಡು ಹೋಗ್ಬೇಕಾ?” ಹಿರಿಯವಳು ನಡೆದಳು. ಅವನು ನಿಂತಿರುವಷ್ಟು ಹೊತ್ತೂ ನಡೆದಳು. ಅವನು ಆಚೆ ಹೋದ ಮೇಲೆ ಮೇಜಿನ ಅಂಚಿನಲ್ಲಿ ಅವಳ ಬೆರಳುಗಳು ಒತ್ತಿದ ಗುರುತು ತೇವವಾಗಿ ಉಳಿದಿತ್ತು.

ಲಾಂಡ್ರಿಯ ಯಜಮಾನರು ಬಂದದ್ದು ಆ ದಿನಗಳಲ್ಲಿ.

ಅವರು ಬರುವಾಗ ಯಾವಾಗಲೂ ಒಂದು ಸದ್ದಿರುತ್ತದೆ. ಆ ದಿನ ನರಳಾಟವೂ ಸೇರಿತ್ತು. ಬಲಗಾಲಿನ ಹೆಬ್ಬೆರಳು ಊದಿತ್ತು. ಮುಂದಿನ ಭಾಗ ಕತ್ತರಿಸಿದ ಮೆತ್ತನೆ ಚಪ್ಪಲಿ, ಬೆರಳಿಗೆ ಹತ್ತಿ, ಹತ್ತಿಯ ಮೇಲೆ ಪಟ್ಟಿ, ಕೈಯಲ್ಲಿ ದೊಣ್ಣೆ. ಡ್ರೈವರು ಒಂದು ಕಡೆ, ಮೇಸ್ತ್ರಿ ಒಂದು ಕಡೆ ಹಿಡಿದು, ಗಾಜಿನ ಬೀರು ಇಳಿಸುವವರಂತೆ ಅವರನ್ನು ಒಳಗೆ ತಂದರು.

“ಮೆಲ್ಲಗೆ ಕಣೋ. ಅದು ನನ್ನ ಕಾಲು, ನಿಮ್ಮ ಮಾವಂದಲ್ಲ.”

ಮೆತ್ತೆಯ ಕುರ್ಚಿ ಬಂತು. ಕಾಲು ಚಾಚಲು ತಕ್ಕ ಎತ್ತರದ್ದು ಏನೂ ಸಿಗಲಿಲ್ಲ. ಮೇಸ್ತ್ರಿ ಸುತ್ತ ನೋಡಿ, ನಾವು ಬೆಳಗಿನಿಂದ ಮಡಚಿ ಜೋಡಿಸಿದ ಶೀಟುಗಳ ಒಂದು ಗಂಟನ್ನು ಎಳೆದು ಅವರ ಕಾಲಡಿಗೆ ಇಟ್ಟ.

“ಅದು ಆಪರೇಷನ್ ಮನೆಗೆ ಹೋಗೋದು” ಎಂದಳು ಕಿರಿಯವಳು.

“ಬಾಯ್ಮುಚ್ಚೇ. ಯಜಮಾನ್ರ ಕಾಲೇನು ಕೊಳಕಾ?”

ಯಜಮಾನರ ಹಿಮ್ಮಡಿ ಶೀಟುಗಳಲ್ಲಿ ಮೆತ್ತಗೆ ಹೂತುಕೊಂಡಿತು. ಅವರಿಗೆ ಸ್ವಲ್ಪ ಹಾಯೆನಿಸಿತು. ಹಾಯೆನಿಸಿದ ಮೇಲೆ ನೋವನ್ನು ವರ್ಣಿಸತೊಡಗಿದರು. ನಾವು ಕೆಲಸ ನಿಲ್ಲಿಸಿ ಕೇಳಬೇಕಾಯಿತು. “ಏನು ಅಂತ ಹೇಳ್ಲಿ. ಸೂಜಿ ಚುಚ್ಚಿದ್ರೆ ತಡೀಬಹುದು, ಇದು ಸೂಜಿ ಕಾಯ್ಸಿ ಒಳಗಡೆ ತಿರುಗಿಸಿದ ಹಾಗೆ. ರಾತ್ರಿ ಬೆಡ್‌ಶೀಟು ತಾಗಿದ್ರೆ ಸಾಕು, ಜೀವ ಬಾಯಿಗೆ ಬರುತ್ತೆ. ಬೆಡ್‌ಶೀಟು ಕಣ್ರಯ್ಯ.”

“ಹೌದು ಸ್ವಾಮಿ. ಹಾಗೇ ಆಗುತ್ತೆ” ಎಂದಳು ಹಿರಿಯವಳು.

ಅವಳಿಗೆ ಬಾಯಿ ತಪ್ಪಿತು. ತನ್ನ ಊರಿನವರನ್ನು ಬೇರೆ ಊರಿನ ಸಂತೆಯಲ್ಲಿ ಕಂಡವಳಂತೆ ಮುಖ ಅರಳಿಬಿಟ್ಟಿತ್ತು.

ಯಜಮಾನರು ತಿರುಗಿ ನೋಡಿದರು. “ನಿಂಗೆ ಹೇಗೆ ಗೊತ್ತು?”

“ನಂಗೂ ಅದೇ ಸ್ವಾಮಿ. ಎರಡೂ ಕಾಲಿಗೆ.”

ಆಸ್ತಿಯಲ್ಲಿ ಪಾಲು ಕೇಳಿದ್ದರೂ ಅವರ ಮುಖ ಅಷ್ಟು ಕೆಂಪಾಗುತ್ತಿರಲಿಲ್ಲ. ಅದೂ ತಮಗೆ ಒಂದು ಬೆರಳು, ಇವಳಿಗೆ ಎರಡು ಕಾಲು.

“ಇದು ಉಂಡು ತಿಂದ ಮನೆಯವರಿಗೆ ಬರೋ ಕಾಯಿಲೆ ಅಂತ ನಮ್ಮ ಡಾಕ್ಟ್ರೇ ಹೇಳಿದಾರೆ. ನಿಂಗೆಲ್ಲಿಂದ ಬಂತು? ತೋರ್ಸು ನೋಡೋಣ.”

ಅವಳು ಚಪ್ಪಲಿ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಯಜಮಾನರು ಬಗ್ಗಲಿಲ್ಲ, ದೊಣ್ಣೆಯ ತುದಿಯಿಂದ ಪಾದದ ಮೇಲೆ ಒತ್ತಿದರು. ಗುಳಿ ಬಿತ್ತು. ದೊಣ್ಣೆ ತೆಗೆದ ಮೇಲೂ ಗುಳಿ ಹಾಗೇ ಇತ್ತು. ಅವಳ ಕೆಳತುಟಿ ಹಲ್ಲಿನಡಿ ಹೋಗಿತ್ತು.

“ವಾತ ಅಲ್ಲ ಇದು, ಕೊಬ್ಬು” ಎಂದರು ಯಜಮಾನರು. ಮೇಸ್ತ್ರಿ ಎಲ್ಲರಿಗಿಂತ ಮೊದಲು ನಕ್ಕ. ಬೇರೆ ಯಾರೂ ನಗಲಿಲ್ಲವಾದ್ದರಿಂದ ಕೊನೆಯದಾಗಿ ನಕ್ಕವನೂ ಅವನೇ.

ಬಾಯಿ ಬಿಟ್ಟಾಗಿದೆ, ಇನ್ನು ಕೇಳಿಯೇಬಿಡೋಣ ಅನ್ನಿಸಿರಬೇಕು ಹಿರಿಯವಳಿಗೆ. “ಒಂದು ಸ್ಟೂಲು ಕೊಟ್ರೆ ಕೂತು ಮಡಚ್ತೀನಿ ಸ್ವಾಮಿ. ಕೈಯೇನೂ ನಿಧಾನ ಆಗಲ್ಲ. ನೀವೇ ನಿಂತು ನೋಡಿ ಬೇಕಾದ್ರೆ.”

“ಇವತ್ತು ಸ್ಟೂಲು. ನಾಳೆ ದಿಂಬು. ನಾಡಿದ್ದು ನನ್ನ ಮನೇಲೇ ಒಂದು ಮಂಚ ಹಾಕಿಸ್ಲಾ?” ದೊಣ್ಣೆಯಿಂದ ನೆಲ ಕುಟ್ಟಿದರು. “ನಂಗೂ ನೋವಿದೆ. ನಾನು ಮನೇಲಿ ಬಿದ್ಕೊಂಡಿದೀನಾ? ಎದ್ದು ಬಂದಿಲ್ವಾ?”

“ಬಂದಿದೀರಿ” ಎಂದಳು ಗುಂಡಿ ಅಜ್ಜಿ ಮೂಲೆಯಿಂದ. “ಬಂದು ಕೂತೂ ಇದೀರಿ.”

ಯಜಮಾನರು ಅದನ್ನು ಕೇಳಿಸಿಕೊಳ್ಳದಿರಲು ತೀರ್ಮಾನಿಸಿದರು. ಸಿಟ್ಟನ್ನು ಮಾತ್ರ ಬಿಡಲಿಲ್ಲ, ಅದಕ್ಕೊಂದು ದಾರಿ ಹುಡುಕಿದರು. “ನೋಡೋ ಮೇಸ್ತ್ರಿ, ಊತಕ್ಕೆ ತಣ್ಣೀರು ಒಳ್ಳೇದು. ನಮ್ಮ ಡಾಕ್ಟ್ರು ನಂಗೆ ದಿನಾ ಬಕೆಟ್ಟಲ್ಲಿ ಕಾಲಿಟ್ಕೊಳ್ಳಿ ಅಂದಿದಾರೆ. ಇವಳಿಗೂ ಆಗ್ಲಿ, ಪಾಪ. ತೊಟ್ಟಿಗೆ ಹಾಕು.”

ಯಾರ ಕೈಯಲ್ಲೂ ಶೀಟು ಅಲುಗಲಿಲ್ಲ. ತೊಟ್ಟಿ ಅಂದರೆ ಏನೆಂದು ನಮಗೆ ಗೊತ್ತು.

ಆಸ್ಪತ್ರೆಯ ದಪ್ಪ ಉಣ್ಣೆ ರಗ್ಗುಗಳನ್ನು ಯಂತ್ರಕ್ಕೆ ಹಾಕಿದರೆ ಮುದುರಿಹೋಗುತ್ತವೆ. ಅದಕ್ಕೇ ಅವನ್ನು ಕಾಲಲ್ಲಿ ತುಳಿದು ಒಗೆಯುತ್ತಾರೆ. ಶೆಡ್ಡಿನ ಹಿಂದೆ ಸಿಮೆಂಟಿನ ತೊಟ್ಟಿ. ಮಂಡಿಮಟ್ಟ ನೀರು, ಸೋಡಾ, ಸೋಪಿನ ಪುಡಿ. ಗೋಡೆಗೆ ಹೂತ ಕಬ್ಬಿಣದ ಸಲಾಕೆ ಹಿಡಿದು ತುಳಿಯಬೇಕು. ರಗ್ಗು ನೀರು ಕುಡಿದರೆ ಸತ್ತ ಎಮ್ಮೆಯಷ್ಟು ಭಾರ. ಕಾಲಡಿಯಲ್ಲಿ ಸುರುಳಿ ಸುತ್ತಿಕೊಂಡು ಬೆರಳುಗಳನ್ನು ಹಿಡಿದೆಳೆಯುತ್ತದೆ. ಹದಿಹರೆಯದ ಗಟ್ಟಿ ಹುಡುಗಿಯರೇ ಅಲ್ಲಿ ಬಹಳ ಕಾಲ ನಿಲ್ಲುವುದಿಲ್ಲ.

ಯಜಮಾನರ ಹಿಮ್ಮಡಿಯ ಗುಳಿ ಬಿದ್ದ ಗಂಟು ಹಾಗೆಯೇ ಲಾರಿ ಹತ್ತಿ ಆಪರೇಷನ್ ಮನೆಗೆ ಹೋಯಿತು.

ಮರುದಿನ ಬೆಳಗ್ಗೆ ಹಿರಿಯವಳು ತೊಟ್ಟಿಗೆ ಇಳಿದಳು. ಇಳಿದಳು ಅನ್ನುವುದು ಬರೀ ಮಾತು. ಮೆಟ್ಟಿಲ ಮೇಲೆ ಕೂತು, ಒಂದೊಂದೇ ಕಾಲನ್ನು ಎರಡೂ ಕೈಯಿಂದ ಎತ್ತಿ ನೀರಿಗಿಟ್ಟಳು. ಶೆಡ್ಡಿನ ಹಿಂಬಾಗಿಲು ಗಾಡಿ ತಳ್ಳಲು ತೆರೆದೇ ಇರುವುದರಿಂದ ನಮಗೆಲ್ಲ ಕಾಣುತ್ತಿತ್ತು. ಕಾಣದಿದ್ದಾಗ ಕೇಳುತ್ತಿತ್ತು.

“ತುಳಿ, ತುಳಿ. ನಿನ್ನ ಗಂಡನ ಎದೆ ಅಂದ್ಕೊಂಡು ತುಳಿ” ಎಂದ ಮೇಸ್ತ್ರಿ.

“ನನ್ನ ಗಂಡ ಪಾಪದೋನು. ನಿಮ್ದು ಅಂದ್ಕೊಂಡಿದೀನಿ.”

ಮೇಸ್ತ್ರಿ ಇನ್ನೊಂದು ರಗ್ಗನ್ನು ಎತ್ತಿ ಅವಳ ಮಂಡಿಗೆ ತಾಗುವಂತೆ ತೊಟ್ಟಿಗೆ ಎಸೆದ. ಸ್ವಲ್ಪ ಹೊತ್ತು ನೀರಿನ ಸದ್ದು ಬಂತು. ಆಮೇಲೆ ಬರಲಿಲ್ಲ. ಇಣುಕಿದಾಗ, ಹಿರಿಯವಳು ಸಲಾಕೆಗೆ ಎರಡೂ ಕಂಕುಳು ಸಿಕ್ಕಿಸಿಕೊಂಡು ಜೋತುಬಿದ್ದಿದ್ದಳು. ಕಾಲು ನೀರಲ್ಲಿ ತೇಲುತ್ತಿರಲಿ ಎಂದು ಹಾಗೆ ನಿಂತಿದ್ದಾಳೆ ಅನ್ನಿಸಿತು. ಬಾಯಲ್ಲಿ ಒಂದು ತುಂಡು ಬಟ್ಟೆ ಕಚ್ಚಿಕೊಂಡಿದ್ದಳು.

ಇತ್ತ ಕಿರಿಯವಳ ಎದುರಿಗೆ ತುಂತುರು ಬಂದು ನಿಂತಿದ್ದಳು. ಇಬ್ಬರೂ ಒಂದು ಶೀಟು ಎಳೆದು ಹಿಡಿದರು, ಜಾಡಿಸಿದರು, ಅಂಚು ಸೇರಿಸಿದರು. ತುಂತುರು ನಡುವಿನವರೆಗೆ ಬಂದು ನಿಂತಳು. ಕಿರಿಯವಳು ಅಲ್ಲಾಡಲಿಲ್ಲ.

“ಬಾರೇ” ಎಂದಳು ತುಂತುರು. ಸಿಡಿಯಿತು.

“ನಾ ಬರಲ್ಲ.”

“ನನ್ನ ಉಗುಳಿಗಾ? ಬಾಯಿ ಮುಚ್ಕೊಂಡೇ ಇರ್ತೀನಿ, ಬಾ.”

“ಉಗುಳಿಗಲ್ಲ ಕಣೇ. ಅವಳು ಅಲ್ಲಿಂದ ಮೇಲೆ ಬರೋವರೆಗೂ ನನ್ನ ಕಾಲು ಇಲ್ಲೇ.”

ತುಂತುರು ಒಂದು ಕ್ಷಣ ನೋಡಿದಳು. ಹಿಂಬಾಗಿಲ ಕಡೆಗೂ ನೋಡಿದಳು. ಆಮೇಲೆ, ಹೇಳಿದ ಮಾತಿನಂತೆ ಬಾಯಿ ಮುಚ್ಚಿಕೊಂಡೇ, ತನ್ನ ಜಾಗಕ್ಕೆ ಹಿಂದಕ್ಕೆ ಹೋಗಿ ಶೀಟನ್ನು ಬಿಗಿಯಾಗಿ ಎಳೆದು ಹಿಡಿದಳು.

ಮೇಸ್ತ್ರಿ ಬಂದ. “ಏನೇ ಇದು? ಬಟ್ಟೆ ಒಣಗ್ಹಾಕಿದೀರಾ? ನಡಿಯೇ ಬೋಳಿ.”

“ನಿಂತು ಕೆಲಸ ಮಾಡಿ ಅಂದ್ರಿ” ಎಂದಳು ಕಿರಿಯವಳು. “ನಿಂತಿದೀನಿ.”

ಅವನು ಕೈ ಎತ್ತಿದ. ಹೊಡೆದರೆ ಅವಳ ಕೈಯಿಂದ ಶೀಟು ಬೀಳುತ್ತದೆ, ಬಿದ್ದರೆ ಒಗೆಯಬೇಕು, ಹೊರಗೆ ಆಸ್ಪತ್ರೆಯ ಲಾರಿ ಕಾಯುತ್ತಿದೆ. ಎತ್ತಿದ ಕೈಯಿಂದ ಕತ್ತು ತುರಿಸಿಕೊಂಡ. ಅವನು ತುರಿಸಿಕೊಳ್ಳುತ್ತಿರುವಾಗಲೇ ಪಕ್ಕದ ಮೇಜಿನ ಜೋಡಿ ನಿಂತಿತು. ಅದರ ಪಕ್ಕದ್ದೂ.

ಇದನ್ನು ನಾವು ಯಾರೂ ಕೂಡಿ ಯೋಚಿಸಿರಲಿಲ್ಲ. ಅಂಥ ಧೈರ್ಯವೇನೂ ನಮಗಿರಲಿಲ್ಲ, ಈಗಲೂ ಇಲ್ಲ. ಒಬ್ಬಳ ಕಾಲು ಏಳಲಿಲ್ಲ, ಹಾಗಾಗಿ ಇನ್ನೊಬ್ಬಳದೂ ಏಳಲಿಲ್ಲ. ಮಡಚಬೇಕಾದರೆ ಇಬ್ಬರಲ್ಲಿ ಒಬ್ಬರಾದರೂ ನಡೆಯಬೇಕು. ಯಾರೂ ನಡೆಯದಿದ್ದರೆ ಶೀಟು ಶೀಟಾಗಿಯೇ ಇರುತ್ತದೆ, ಅಷ್ಟೇ. ಆ ತುದಿಯಿಂದ ಈ ತುದಿಯವರೆಗೆ ಶೆಡ್ಡಿನ ತುಂಬ ಬಿಗಿಯಾಗಿ ಹಿಡಿದ ಬಿಳಿ ಶೀಟುಗಳು. ತೋಳು ಸೋಲತೊಡಗಿತು. ಯಾರೂ ಇಳಿಸಲಿಲ್ಲ.

ಮೇಸ್ತ್ರಿ ನಡುವೆ ಸಿಕ್ಕಿಕೊಂಡ. ಒಂದು ಶೀಟಿನಡಿ ಬಗ್ಗಿ ಎದ್ದರೆ ಎದುರಿಗೆ ಇನ್ನೊಂದು ಶೀಟು. ಅದರಡಿಯೂ ಬಗ್ಗಿದ. ಬಗ್ಗಿದಾಗಲೆಲ್ಲ ಬೈದ, ಎದ್ದಾಗಲೆಲ್ಲ ಬೇಡಿಕೊಂಡ. “ಲಾರಿ ನಿಂತಿದೆ ಕಣ್ರಮ್ಮ. ನನ್ನ ಹೊಟ್ಟೆ ಮೇಲೆ ಹೊಡೀಬೇಡ್ರಿ. ಹಾಳಾಗ್ಹೋಗ್ರಿ ಎಲ್ರೂ.” ಗುಂಡಿ ಅಜ್ಜಿಗೆ ಹಿಡಿಯಲು ಶೀಟಿರಲಿಲ್ಲ. ಅವಳು ಸೂಜಿಯನ್ನು ಮೇಲಕ್ಕೆಳೆದು, ದಾರವನ್ನು ಬಿಗಿಯಾಗಿ ಹಿಡಿದು, ಹಾಗೇ ಕೂತಳು.

ಹೊರಗೆ ಲಾರಿ ಹಾರನ್ನು ಹೊಡೆಯಿತು. ಮೇಸ್ತ್ರಿ ಫೋನು ತೆಗೆದ.

ಯಜಮಾನರು ಮನೆಯಿಂದ ಬರುವಷ್ಟು ಹೊತ್ತೂ ನಾವು ಹಾಗೇ ನಿಂತಿದ್ದೆವು. ಬಂದವರು ಬಾಗಿಲಲ್ಲೇ ಗದರಿದರು. ಗದರಿದ್ದು ಶೀಟುಗಳಿಗೆ ಬಡಿದು ಎಲ್ಲೋ ಹೋಯಿತು. ಯಾರ ಮುಖವೂ ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಸಿಟ್ಟಿನಲ್ಲಿ ದೊಣ್ಣೆ ಊರುತ್ತಾ ಮೊದಲ ಶೀಟಿನಡಿ ಬಗ್ಗಿ ಒಳಗೆ ಬಂದರು, ಎರಡನೆಯದರಡಿ ಬಗ್ಗಿದರು. ಅಷ್ಟರಲ್ಲಿ ಬೆರಳು ಎಲ್ಲಿಗೋ ತಾಗಿರಬೇಕು. ಒಂದು ಕೂಗು ಹಾಕಿ ನಿಂತರು.

“ಕುರ್ಚಿ. ಕುರ್ಚಿ ತನ್ನಿ.”

ಕುರ್ಚಿ ಆಫೀಸಿನ ಕೋಣೆಯಲ್ಲಿ, ಶೆಡ್ಡಿನ ಆಚೆ ತುದಿಯಲ್ಲಿ. ಡ್ರೈವರು ತರಲು ಹೊರಟ. ಅವನು ಮೊದಲೇ ಉದ್ದದ ಮನುಷ್ಯ. ಬಗ್ಗುತ್ತಾ ಏಳುತ್ತಾ ದಿಕ್ಕು ತಪ್ಪಿ ಬಾಯ್ಲರಿನ ಬಾಗಿಲಿಂದ ಆಚೆ ಹೋಗಿಬಿಟ್ಟ. “ಅಣ್ಣಾ, ಯಾವ ಕಡೆ?” ಎಂದು ಅವನು ಎಲ್ಲಿಂದಲೋ ಕೇಳುತ್ತಿದ್ದ. ನಮಗೆ ಯಾವ ಕಡೆ ಎಂದು ಗೊತ್ತಿತ್ತು.

ಯಜಮಾನರು ನಿಂತೇ ಇದ್ದರು. ಭಾರವನ್ನೆಲ್ಲ ಎಡಗಾಲಿಗೆ ಹಾಕಿದರು, ಎಡಗಾಲು ನಡುಗಿತು. ಬಲಗಾಲಿಗೆ ಹಾಕಿದರು, ಮುಖ ಬೂದಿಯಾಯಿತು. ಹಣೆಯ ಬೆವರು ಗಲ್ಲಕ್ಕಿಳಿದು ತೊಟ್ಟಿಕ್ಕಿತು. ಹಿಡಿದುಕೊಳ್ಳಲು ಸುತ್ತ ನೋಡಿದರು. ಸುತ್ತ ಇದ್ದದ್ದು ಬಟ್ಟೆ. ಆ ನೋವು ಎಂಥದ್ದೆಂದು ಅವರೇ ನಮಗೆ ವಿವರಿಸಿದ್ದರು. ಸೂಜಿ ಕಾಯಿಸಿ ಒಳಗೆ ತಿರುಗಿಸಿದ ಹಾಗೆ. ನಮ್ಮಲ್ಲಿ ಯಾರಿಗೂ ಕರುಣೆ ಬರಲಿಲ್ಲ. ಬರಬೇಕಿತ್ತು ಎಂದು ಆಮೇಲೂ ಅನ್ನಿಸಿಲ್ಲ.

“ಏನ್ರೇ ಬೇಕು ನಿಮಗೆ?” ಎಂದರು ಕೊನೆಗೆ. ದನಿ ಸಣ್ಣದಾಗಿತ್ತು.

“ಅವಳು ಮೇಲೆ ಬರ್ಬೇಕು. ಸ್ಟೂಲು ಬೇಕು” ಎಂದಳು ಕಿರಿಯವಳು.

“ಆಯ್ತು. ಆಯ್ತು ಹೋಗ್ರೇ. ಮೇಸ್ತ್ರಿ, ಅವಳನ್ನ ಕರ್ಕೊಂಡು ಬಾ. ಸ್ಟೂಲು ಕೊಡು. ಮೊದ್ಲು ನಂಗೆ ಕುರ್ಚಿ ಕೊಡ್ರೋ, ಬೇವರ್ಸಿಗಳಾ.”

“ಮೊದ್ಲು ಅವಳು ಕೂರ್ಲಿ.”

“ಏನಂದೆ?”

“ಅವಳು ಕೂತ ಮೇಲೆ ನೀವು.”

ಯಜಮಾನರು ಅವಳನ್ನು ನೋಡಿದರು. ಅವಳು ಶೀಟನ್ನು ಇನ್ನೂ ಸ್ವಲ್ಪ ಬಿಗಿಗೊಳಿಸಿದಳು. ಅವರು ಮೇಸ್ತ್ರಿಗೆ ತಲೆಯಾಡಿಸಿದರು.

ತೊಟ್ಟಿಯ ಹುಡುಗಿಯರಿಬ್ಬರು ಹಿರಿಯವಳನ್ನು ಕಂಕುಳಿಗೆ ಕೈ ಕೊಟ್ಟು ತಂದರು. ಮೊಣಕಾಲಿನಿಂದ ಕೆಳಗೆ ಅವಳ ಚರ್ಮ ಬೆಳ್ಳಗಾಗಿ ಸುಕ್ಕುಗಟ್ಟಿತ್ತು, ಗಿಣ್ಣುಗಳು ಮಾತ್ರ ನೇರಳೆಯಾಗಿದ್ದವು. ನೆಲಕ್ಕೆ ಊರದೆ ಬೆರಳುಗಳನ್ನು ಎಳೆದುಕೊಂಡು ಬಂದಳು. ಮೇಸ್ತ್ರಿ ತಾನು ಟೀ ಕುಡಿಯುತ್ತಾ ಕೂರುವ ಸ್ಟೂಲನ್ನೇ, ಬಗ್ಗುತ್ತಾ ಏಳುತ್ತಾ, ಎದೆಗವಚಿಕೊಂಡು ತಂದು ಮೇಜಿನ ಬಳಿ ಇಟ್ಟ. ಹಿರಿಯವಳು ಕುಳಿತಳು. ಯಜಮಾನರು ನಿಂತಿದ್ದರು. ಅಷ್ಟು ಹೊತ್ತನ್ನು ನಾವೆಲ್ಲ ಚೆನ್ನಾಗಿ ನೋಡಿಕೊಂಡೆವು.

ಆಮೇಲೆ ಕಿರಿಯವಳು ಒಂದು ಹೆಜ್ಜೆ ಮುಂದಿಟ್ಟಳು, ತುಂತುರು ಒಂದು ಹೆಜ್ಜೆ ಇಟ್ಟಳು, ಶೆಡ್ಡಿನ ತುಂಬ ಶೀಟುಗಳು ಒಂದಾದ ಮೇಲೊಂದು ಸೇರಿದವು. ಕುರ್ಚಿಗೆ ದಾರಿಯಾಯಿತು.

ಲಾರಿ ಹೋದ ಮೇಲೆ ಹಿರಿಯವಳು ಬಾಯಿ ಬಿಟ್ಟಳು. “ನಿನ್ನನ್ನ ಯಾರೇ ಕೇಳಿದ್ರು, ಇಷ್ಟೆಲ್ಲ ಮಾಡು ಅಂತ? ನಾಳೆ ನಿನ್ನ ಗತಿ ಏನು?”

“ನಿಂಗ್ಯಾಕೆ ಅದು?” ಎಂದಳು ಕಿರಿಯವಳು. “ಕೂತಿದೀಯಲ್ಲ, ತೆಪ್ಪಗೆ ಕೂತ್ಕೋ.”

ಸ್ಟೂಲನ್ನು ಯಾರೂ ವಾಪಸು ತೆಗೆದುಕೊಳ್ಳಲಿಲ್ಲ. ಮರುದಿನದಿಂದ ಹಿರಿಯವಳು ಅದರ ಮೇಲೆ ಕುಳಿತು ತುಂತುರುವಿನ ಜೊತೆ ಮಡಚುತ್ತಾಳೆ. ತೊಟ್ಟಿಯಲ್ಲಿ ರಗ್ಗು ತುಳಿಯುವುದು ಕಿರಿಯವಳು.